ಯಾವ ಮೀನಿಗೆ ಈ ರಬ್ಬರ್ ಹುಳ?

ರಬ್ಬರ್ ಹುಳಕ್ಕೆ ಮೀನು ಬೀಳುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೊಸದು ಕಂಡರೆ ಸಾಕು ಮೂಗು ಮುರಿಯೋ ಮುದುಕ ಅಂತ ಹುಡುಗರು ಪೇಪರ್ ಮಡಚಿಡುತ್ತಾರೆ. ಬಣ್ಣಬಣ್ಣದ ಮೆತ್ತನೆ ಮೀನು, ಬಾಲ ಅಲ್ಲಾಡಿಸುವ ಹುಳ, ಹೊಟ್ಟೆ ಟೊಳ್ಳಾದ ಕಪ್ಪೆ, ಇವನ್ನು ನೀರಿಗೆಸೆದು ಎಳೆದರೆ ದೊಡ್ಡ ಮೀನೇ ಬಂದು ಕಚ್ಚಬಹುದು. ಮೊಬೈಲಿನಲ್ಲಿ ಬರುವ ಜಾಹೀರಾತು ಅಷ್ಟರಮಟ್ಟಿಗೆ ನಿಜ. ನನ್ನ ತಕರಾರು ಇರುವುದು ಅದು ಹೇಳದೆ ಬಿಟ್ಟ ಮಾತಿನ ಮೇಲೆ. ಯಾವ ಮೀನು ಕಚ್ಚುತ್ತದೆ, ಎಂಥ ನೀರಿನಲ್ಲಿ ಕಚ್ಚುತ್ತದೆ ಎಂಬುದನ್ನು ನುಂಗಿಕೊಂಡು, ‘ಎಲ್ಲ ನೀರಿಗೂ, ಎಲ್ಲ ಮೀನಿಗೂ’ ಎಂದು ದಾವಣಗೆರೆಯ ಹುಡುಗರಿಗೆ ಮಾರುತ್ತಿದ್ದಾರಲ್ಲ, ಅದನ್ನು ಒಪ್ಪಲಿಕ್ಕೆ ಆಗುವುದಿಲ್ಲ.

ನಾನು ಕೆ.ಬಿ. ಬಡಾವಣೆಯವನು. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಾಗುತ್ತಿದ್ದ ಕಾಲಕ್ಕೆ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಮೈಕ್ರೋಮೀಟರ್ ಹಿಡಿದು ಅಳತೆ ನೋಡುವುದು, ಪಾಸ್ ಇಲ್ಲವೆ ರಿಜೆಕ್ಟ್ ಎಂದು ಸೀಲು ಒತ್ತುವುದು ಉದ್ಯೋಗ. ಶಿಫ್ಟ್ ಮುಗಿಸಿ ತುಂಗಭದ್ರೆಯ ದಂಡೆಗೆ ಹೋಗಿ ಗಾಳ ಹಾಕುವ ಚಟ ಅಲ್ಲಿಯೇ ಹತ್ತಿತು. ತೇಜಸ್ವಿಯವರ ಮೀನು ಶಿಕಾರಿಯ ಬರಹಗಳನ್ನು ಓದಿದ ಮೇಲೆ ಅದು ಹುಚ್ಚಾಯಿತು. ಕಾರ್ಖಾನೆ ಮುಚ್ಚಿತು, ಹುಚ್ಚು ಉಳಿಯಿತು. ಕೈಗೆ ಬಂದ ವಸ್ತುವನ್ನು ತಿರುವಿ ಮುರುವಿ ನೋಡುವ ಬುದ್ಧಿಯೂ ಉಳಿಯಿತು.

ಈಚೆಗೆ ತಂಗಿಯ ಮಗ ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣವೊಂದನ್ನು ತಂದು ನನ್ನ ಮುಂದೆ ಸುರಿದ. ಇಂಜಿನಿಯರಿಂಗ್ ಓದುವ ಹುಡುಗ. ಮುನ್ನೂರು ರೂಪಾಯಿ ಚಿಲ್ಲರೆ ಕೊಟ್ಟಿದ್ದ. ‘ಮಾವ, ಮೂಸಿ ನೋಡು, ಸೋಂಪಿನ ವಾಸನಿ ಬರ್ತತಿ. ಈ ವಾಸನಿಗೆ ದೂರದಿಂದ ಹುಡುಕ್ಕೊಂಡ್ ಬರ್ತಾವಂತೆ ಮೀನು’ ಅಂದ. ವಾಸನೆ ನಿಜವಾಗಿಯೂ ಇತ್ತು. ಬೆರಳಷ್ಟು ಉದ್ದದ ಮೀನುಗಳು, ಮೈತುಂಬ ಮಿಂಚು, ಬಾಲದ ತುದಿಯಲ್ಲಿ ಚಪ್ಪಟೆಯಾದ ಸಣ್ಣ ಹಾಳೆ. ಒಂದನ್ನು ದಾರಕ್ಕೆ ಕಟ್ಟಿ ಬಚ್ಚಲಿನ ತೊಟ್ಟಿಯಲ್ಲಿ ಎಳೆದು ನೋಡಿದೆ. ಎಳೆದ ಕೂಡಲೆ ಬಾಲ ಪಟಪಟನೆ ಬಡಿಯತೊಡಗಿತು, ಮೈ ಎಡಕ್ಕೂ ಬಲಕ್ಕೂ ಓಲಾಡಿತು. ದಾರ ಹಿಡಿದ ಬೆರಳಿಗೆ ಅದರ ನಡುಕ ತಿಳಿಯುತ್ತಿತ್ತು. ಅಚ್ಚು ಚೆನ್ನಾಗಿದೆ, ಮಾಲು ಸಮನಾಗಿದೆ. ಕೆಲಸಗಾರಿಕೆಗೆ ಪಾಸ್ ಸೀಲು ಒತ್ತಲಿಕ್ಕೆ ನನ್ನದೇನೂ ಅಡ್ಡಿ ಇರಲಿಲ್ಲ.

ರಬ್ಬರ್ ಎಂದು ಬಾಯಿಮಾತಿಗೆ ಅನ್ನುತ್ತೇವೆ. ಇದರಲ್ಲಿ ರಬ್ಬರ್ ಇಲ್ಲ. ಹೆಚ್ಚಿನವು ಪಿವಿಸಿ, ಅಂದರೆ ನಲ್ಲಿ ಪೈಪಿನ ಜಾತಿಯ ಪ್ಲಾಸ್ಟಿಕ್. ಅದಕ್ಕೆ ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿ, ಕಾಯಿಸಿ, ಅಚ್ಚಿಗೆ ಹೊಯ್ದರೆ ಆರಿದ ಮೇಲೆ ಹೀಗೆ ಮೆತ್ತಗೆ ಕೂರುತ್ತದೆ. 1949ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ನಿಕ್ ಕ್ರೀಮ್ ಎಂಬಾತ ಇಂಥ ಹುಳವನ್ನು ಮೊದಲು ಎರಕ ಹೊಯ್ದ. ಆಕ್ರನ್ ಆಗ ಟೈರ್ ಕಾರ್ಖಾನೆಗಳ ಊರು. ಆತನ ಹುಳ ಹೆಸರು ಮಾಡಿದ್ದು ಅಲ್ಲಿನ ಬಾಸ್ ಎಂಬ ಮೀನಿನಿಂದ. ಸಣ್ಣ ಮೀನು, ಕಪ್ಪೆ, ಸೀಗಡಿ, ಎದುರಿಗೆ ಬಂದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಬೇಟೆಗಾರ ಮೀನು ಅದು. ಈ ವ್ಯಾಪಾರ ಬೆಳೆದದ್ದೇ ಆ ಮೀನಿನ ಬೆನ್ನ ಮೇಲೆ.

ಜಾಹೀರಾತಿನ ಅಬ್ಬರವೂ ಹೊಸದಲ್ಲ. ಫಿನ್‌ಲೆಂಡಿನ ಲೌರಿ ರಪಾಲ 1936ರಲ್ಲಿ ಬೆಂಡು ಕೆತ್ತಿ, ಚಾಕೊಲೆಟ್ ಸುತ್ತಿದ ಹಾಳೆಯನ್ನು ಮೆತ್ತಿ ಒಂದು ಹುಸಿ ಮೀನು ಮಾಡಿದ. ಗುಂಪಿನಲ್ಲಿ ಗಾಯಗೊಂಡು ಓರೆಯಾಗಿ ಈಜುವ ಮರಿಯ ಮೇಲೆಯೇ ದೊಡ್ಡ ಮೀನು ಎರಗುತ್ತದೆ ಎಂದು ಅವನು ಕಂಡುಕೊಂಡಿದ್ದ. ಆ ಓರೆ ನಡಿಗೆ ಬರುವ ಹಾಗೆ ಕೆತ್ತಿದ. 1962ರ ಆಗಸ್ಟಿನಲ್ಲಿ ‘ಲೈಫ್’ ಪತ್ರಿಕೆ ಅದರ ಬಗ್ಗೆ ಲೇಖನ ಹಾಕಿತು. ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೊ ಚಿತ್ರ ಅದೇ ಸಂಚಿಕೆಯ ಮುಖಪುಟದಲ್ಲಿತ್ತು. ಪತ್ರಿಕೆ ಎಲ್ಲರ ಮನೆಗೂ ಹೋಯಿತು, ಅದರ ಜೊತೆ ರಪಾಲನ ಮೀನೂ ಹೋಯಿತು. ಆರ್ಡರು ಪೂರೈಸಲಾರದೆ ಕಂಪನಿಯವರು ಸುಸ್ತಾದರು. ಅಲ್ಲಿ ಮಾಲು ಮೊದಲು ನೀರಿನಲ್ಲಿ ಗೆದ್ದು ಆಮೇಲೆ ಪತ್ರಿಕೆಗೆ ಬಂದಿತ್ತು. 1990ರ ದಶಕದ ಅಮೆರಿಕದ ಟಿವಿಯಲ್ಲಿ ಕ್ರಮ ತಿರುಗಿತು. ಅರ್ಧ ಗಂಟೆಯ ಜಾಹೀರಾತುಗಳಲ್ಲಿ ಬ್ಯಾಂಜೊ ಮಿನೋ, ಫ್ಲೈಯಿಂಗ್ ಲ್ಯೂರ್ ಮುಂತಾದ ಮೆತ್ತನೆ ಮೀನುಗಳು ಬಂದವು. ಇದನ್ನು ಕಂಡರೆ ಮೀನಿಗೆ ಹಸಿವಿಲ್ಲದಿದ್ದರೂ ಕಚ್ಚದೆ ಗತಿಯಿಲ್ಲ, ಅದು ಅದರ ಹುಟ್ಟುಗುಣ ಎಂಬುದು ಆ ಜಾಹೀರಾತುಗಳ ಧಾಟಿ. ಇವತ್ತು ಅರ್ಧ ಗಂಟೆ ಅರ್ಧ ನಿಮಿಷಕ್ಕೆ ಇಳಿದಿದೆ. ಎಸೆದ, ಎಳೆದ, ಬಿತ್ತು. ಎರಡು ಮೀನುಗಳ ನಡುವೆ ಸುಮ್ಮನೆ ಕಳೆದ ಹೊತ್ತನ್ನು ಕತ್ತರಿ ನುಂಗಿರುತ್ತದೆ.

ಈಗ ನಮ್ಮ ನೀರಿಗೆ ಬರೋಣ. ದಾವಣಗೆರೆ ಸುತ್ತಿನ ಕೆರೆಗಳಲ್ಲಿ ಇರುವ ಮೀನು ಬಹುಪಾಲು ಬಿತ್ತಿದ ಮೀನು. ಬಿ.ಆರ್. ಪ್ರಾಜೆಕ್ಟಿನಂಥ ಮೀನುಮರಿ ಕೇಂದ್ರಗಳಲ್ಲಿ ಬೆಳೆಸಿ ಕೆರೆಗೆ ಬಿಡುವ ಮರಿಗಳು ಯಾವುವು? ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ. ಇವುಗಳ ಬಾಯಿ ನೋಡಿದರೆ ಊಟ ಗೊತ್ತಾಗುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ. ನೀರಿನ ಮೇಲ್ಪದರದಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು ಕಿವಿರಿನಲ್ಲಿ ಸೋಸಿ ತಿನ್ನುತ್ತದೆ. ಮೃಗಾಲ್ ಬಾಯಿ ಕೆಳಮುಖ. ತಳದ ಕೆಸರು, ಕೊಳೆತ ಎಲೆ ಅದರ ಪಾಲು. ರೋಹು ನಡುನೀರಿನಲ್ಲಿ ಪಾಚಿ, ಸೊಪ್ಪುಸದೆ ಮೇಯುತ್ತದೆ. ಒಂದರ ದವಡೆಯಲ್ಲೂ ಹಲ್ಲಿಲ್ಲ. ಓಡುವ ಮರಿಯನ್ನು ಬೆನ್ನಟ್ಟಿ ಹಿಡಿಯುವ ದರ್ದು ಇವಕ್ಕೆ ಇಲ್ಲ. ಅವುಗಳ ಮುಂದೆ ಮಿಂಚುವ ರಬ್ಬರ್ ಮೀನು ದಿನವಿಡೀ ಕುಣಿದರೂ ಫಲ ಅಷ್ಟಕ್ಕಷ್ಟೆ. ಜಿಲೇಬಿ ಮೀನು ಗೂಡು ಕಾಯುವಾಗ ಸಿಟ್ಟಿಗೆ ಬಂದು ಸಣ್ಣ ಹುಳವನ್ನು ಕಚ್ಚೀತು, ಅದನ್ನು ನೆಚ್ಚಿ ಮುನ್ನೂರು ರೂಪಾಯಿ ಸುರಿಯಲಾಗದು.

ಹುಡುಗರು ಸೋಲುವುದು ಇಲ್ಲಿ. ರೀಲಿನಲ್ಲಿ ಬಾಸ್ ನೋಡಿ, ಕಾಟ್ಲಾ ಇರುವ ಕೆರೆಗೆ ಹೋಗಿ ನಿಲ್ಲುತ್ತಾರೆ. ಮೀನು ಬೀಳದಿದ್ದರೆ ಬಣ್ಣ ಸರಿಯಿಲ್ಲ ಅಂದುಕೊಂಡು ಇನ್ನೊಂದು ಪೊಟ್ಟಣ ತರಿಸುತ್ತಾರೆ. ಬಣ್ಣದ ವಿಷಯಕ್ಕೂ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಹರಿಹರದ ಸೇತುವೆ ಮೇಲೆ ನಿಂತು ನೋಡಿ, ಹೊಳೆ ಕೆಂಪು ರಾಡಿ. ಅಂಥ ನೀರಿನಲ್ಲಿ ಗುಲಾಬಿಗೂ ನೇರಳೆಗೂ ಏನು ವ್ಯತ್ಯಾಸ? ತಿಳಿನೀರಿನಲ್ಲೂ ಆಳಕ್ಕೆ ಇಳಿದ ಹಾಗೆ ಮೊದಲು ಮಾಯವಾಗುವುದು ಕೆಂಪು. ರಾಡಿಯಲ್ಲಿ ಮೀನಿಗೆ ನೆರವಾಗುವುದು ಅದರ ಮೈಯ ಎರಡೂ ಪಕ್ಕದಲ್ಲಿ ಉದ್ದಕ್ಕೂ ಇರುವ ಸೂಕ್ಷ್ಮ ಗೆರೆ. ನೀರಿನ ಅಲುಗಾಟವನ್ನು ಅದು ಹಿಡಿಯುತ್ತದೆ. ಬಾಲದ ಬಡಿತ ಕೆಲಸಕ್ಕೆ ಬರುವುದು ಅದಕ್ಕೇ. ಪೊಟ್ಟಣದೊಳಗಿನ ಹನ್ನೆರಡು ಬಣ್ಣ ಕೊಳ್ಳುವವನ ಕಣ್ಣಿಗೆ.

ಹಾಗಾದರೆ ಇಲ್ಲಿ ಇದು ಎಲ್ಲಿ ಕೆಲಸಕ್ಕೆ ಬರುತ್ತದೆ? ಕೊರವನ ಮುಂದೆ. ಮಾರ್ಕೆಟ್ಟಿನಲ್ಲಿ ಮರಲ್ ಎಂದು ಕೂಗಿ ಮಾರುವ, ತಲೆ ಹಾವಿನಂತಿರುವ ಮೀನು ಇದು. ಕಿವಿರಿನ ಉಸಿರು ಸಾಲದೆ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುತ್ತದೆ. ದೇವರಬೆಳಕೆರೆ ಪಿಕಪ್ ಕಡೆ ಅಂತರಗಂಗೆ ಹಬ್ಬಿದ ಅಂಚಿನಲ್ಲಿ ಬೆಳಿಗ್ಗೆ ಹೊತ್ತು ಸುಮ್ಮನೆ ನಿಂತರೆ ಆ ಗುಳ್ಳೆ ಕಾಣುತ್ತದೆ. ಅದರಾಚೆಗೆ ರಬ್ಬರ್ ಕಪ್ಪೆಯನ್ನು ಎಸೆಯಬೇಕು, ಎಲೆಯ ಮೇಲೆಯೇ ಬೀಳಲಿ. ಎರಡು ಗಾಳಗಳೂ ಕಪ್ಪೆಯ ಬೆನ್ನಿಗೆ ಅಂಟಿಕೊಂಡು ಕೂತಿರುವುದರಿಂದ ಸೊಪ್ಪಿಗೆ ಸಿಕ್ಕಿಕೊಳ್ಳುವುದಿಲ್ಲ. ಅದನ್ನು ಎಲೆಯಿಂದ ಎಲೆಗೆ ಜಾರಿಸುತ್ತ, ತೆರೆದ ನೀರಿನ ಮಡುವಿಗೆ ಇಳಿಸಿ, ಅಲ್ಲಿ ಬಿಟ್ಟು ಕಾಯಬೇಕು. ಎಲೆ ತುಸು ಎದ್ದು ಸರಿಯುತ್ತದೆ, ಆಮೇಲೆ ಗಳಕ್ ಅಂತ ಒಂದು ಸದ್ದು, ಕಪ್ಪೆ ಇಲ್ಲ. ಹೊಸಬರು ಆ ಕ್ಷಣಕ್ಕೇ ಜಗ್ಗುತ್ತಾರೆ, ಬರೀ ಕಪ್ಪೆ ಹಾರಿ ಬಂದು ಎದೆಗೆ ಬಡಿಯುತ್ತದೆ. ದಾರ ತಾನಾಗಿ ಸರಿಯುವವರೆಗೆ ತಡೆದು ಜಗ್ಗಬೇಕು. ಕೊರವ ದವಡೆ ಬಿಗಿದಾಗ ಟೊಳ್ಳು ಕಪ್ಪೆ ಹಿಚುಕಿಕೊಂಡು ಗಾಳದ ಮೊನೆ ಆಚೆ ಬರುತ್ತದೆ. ಮೆತ್ತಗಿರಬೇಕಾದ್ದು ಯಾಕೆ ಎಂಬುದು ಆಗ ತಿಳಿಯುತ್ತದೆ. ಮರದ ಕಪ್ಪೆಯಿಂದ ಆ ಕೆಲಸ ಆಗುವುದಿಲ್ಲ. ಎರೆಹುಳ ಪೋಣಿಸಿದ ಬರೀ ಗಾಳವನ್ನು ಆ ಸೊಪ್ಪಿನೊಳಗೆ ಎಳೆಯಲಿಕ್ಕೂ ಆಗುವುದಿಲ್ಲ. ಆ ಜಾಗಕ್ಕೆ, ಆ ಮೀನಿಗೆ, ಈ ಸಾಮಾನು ನನ್ನ ಲೆಕ್ಕದಲ್ಲಿ ಪಾಸ್. ತುಂಗಭದ್ರೆಯ ಬಾಳೆಮೀನೂ ಬೇಟೆಗಾರನೇ. ಬಾಲ ಬಡಿಯುವ ರಬ್ಬರ್ ಮೀನಿಗೆ ಅದೂ ಬಾಯಿ ಹಾಕುತ್ತದೆ.

ನಮ್ಮ ಟೂಲ್ ರೂಮಿನಲ್ಲಿ ಒಂದು ಪದ್ಧತಿಯಿತ್ತು. ಡ್ರಿಲ್ ಬಿಟ್ ಬಂದರೆ ಅದು ಮೈಲ್ಡ್ ಸ್ಟೀಲಿಗೋ, ಎರಕದ ಕಬ್ಬಿಣಕ್ಕೋ, ಎಷ್ಟು ವೇಗಕ್ಕೋ ಎಂಬ ವಿವರ ಜೊತೆಗೆ ಬರಬೇಕು. ಬರದಿದ್ದರೆ ಬಿಟ್ ಎಷ್ಟೇ ಹರಿತವಾಗಿರಲಿ, ಸ್ಟೋರಿಗೆ ಸೇರುತ್ತಿರಲಿಲ್ಲ. ರಬ್ಬರ್ ಹುಳ ‘ಕೆಲಸ ಮಾಡುತ್ತದೋ ಇಲ್ಲವೋ’ ಎಂದು ಕೇಳುವವರಿಗೂ ನಾನು ಹೇಳುವುದು ಇದನ್ನೇ. ಯಾವುದರ ಮೇಲೆ ಎಂದು ಹೇಳದೆ ಆ ಪ್ರಶ್ನೆಗೆ ಉತ್ತರವಿಲ್ಲ.

ಕೆರೆಯ ಗೆಂಡೆ, ರೋಹು ಬೇಕಾದವನಿಗೆ ಹಿಟ್ಟು ಸಾಕು. ನಾನು ಕಟ್ಟುವುದು ರಾಗಿ ಹಿಟ್ಟು, ಗೋಧಿ ಹಿಟ್ಟು ಕಲಸಿದ ಗಟ್ಟಿ ಉಂಡೆ. ಅದರ ಸುತ್ತ ಚೆಲ್ಲಲಿಕ್ಕೆ ನೆನೆಸಿದ ಮಂಡಕ್ಕಿ. ಮಂಡಕ್ಕಿಗೆ ದಾವಣಗೆರೆಯಲ್ಲಿ ಬರವೇ? ಮಿರ್ಚಿ ಜೊತೆ ತಿಂದು ಉಳಿದದ್ದೇ ಸಾಕಾಗುತ್ತದೆ. ರಾಗಿ ಉಂಡೆಯ ಮಹಿಮೆಗೆ ದೊಡ್ಡ ಸಾಕ್ಷಿ ಕಾವೇರಿ ತೀರದಲ್ಲಿದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ಪರದೇಶದಿಂದ ಮಹಶೀರ್ ಹಿಡಿಯಲು ಬರುತ್ತಿದ್ದವರು ಬೆಲೆಬಾಳುವ ರಾಡು, ರೀಲು ಹೊತ್ತು ತರುತ್ತಿದ್ದರು. ಅವರ ಗಾಳದ ತುದಿಗೆ ಊರಿನ ಸಹಾಯಕರು ಮೆತ್ತುತ್ತಿದ್ದುದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಅದಕ್ಕೆ ಯಾರೂ ಜಾಹೀರಾತು ಕೊಟ್ಟಿರಲಿಲ್ಲ, ಹೊಳೆದಂಡೆಯ ಜನ ತಮ್ಮ ಮೀನನ್ನು ಬಲ್ಲವರಾಗಿದ್ದರು. ಹರಿಹರದಲ್ಲಿ ಹೊಳೆಯನ್ನೇ ನಂಬಿ ಬದುಕಿದ ಗಂಗಾಮತಸ್ಥ ಹಿರಿಯರೊಬ್ಬರಿಗೆ ನನ್ನ ಕಪ್ಪೆಯನ್ನು ತೋರಿಸಿದ್ದೆ. ಕೈಯಲ್ಲಿ ಹಿಚುಕಿ ನೋಡಿ, ‘ಕೊರವಂಗೆ ಆಗ್ತತಿ ಬಿಡ್ರಿ ಸಾಹೇಬ್ರ. ಹೊಳಿ ಒಳಗ ಮೇಯೋ ಮೀನಿಗೆ ಇದನ್ನ ಯಾಕ ತೋರಿಸ್ತೀರಿ?’ ಅಂದರು. ಜಾಹೀರಾತಿನವರು ಅರ್ಧ ನಿಮಿಷದಲ್ಲಿ ಹೇಳದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು.

ಪೊಟ್ಟಣ ಹೇಳದ ಇನ್ನೊಂದು ಸಂಗತಿ ಹೆಚ್ಚು ಗಂಭೀರ. ನಮ್ಮ ಹುಡುಗ ಒಂದಷ್ಟು ಹುಳಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಬೇಸಿಗೆಯಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಮರೆತಿದ್ದ. ತೆಗೆದಾಗ ಹುಳಗಳು ತಳಕ್ಕೆ ಅಂಟಿದ್ದವು, ಕಿತ್ತರೆ ಡಬ್ಬಿಯ ತಳವೂ ಅಂಟಂಟಾಗಿ ಹಳ್ಳ ಬಿದ್ದಿತ್ತು. ಮೆತ್ತಗೆ ಮಾಡಲಿಕ್ಕೆ ಬೆರೆಸಿದ ಪ್ಲಾಸ್ಟಿಸೈಸರ್ ಒಳಗೇ ಕೂರುವುದಿಲ್ಲ, ಹೊರಗೆ ಒಸರುತ್ತದೆ, ಮುಟ್ಟಿದ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಥ್ಯಾಲೇಟ್ ಗುಂಪಿನ ರಾಸಾಯನಿಕಗಳನ್ನು ಇದಕ್ಕೆ ಬಹುಕಾಲ ಬಳಸಿದ್ದಾರೆ. ಕೆಲವು ತಯಾರಕರು ಈಗ ‘ಥ್ಯಾಲೇಟ್ ರಹಿತ’ ಎಂದು ಬರೆದುಕೊಳ್ಳುತ್ತಾರೆ. ಹುಡುಗ ತಂದ ಪೊಟ್ಟಣದ ಮೇಲೆ ಆ ಮಾತೂ ಇರಲಿಲ್ಲ, ಈ ಮಾತೂ ಇರಲಿಲ್ಲ.

ಒಂದು ಸಲ ಕಚ್ಚಿಸಿಕೊಂಡ ಹುಳ ಹರಿಯುತ್ತದೆ. ಬಾಲ ಕಿತ್ತದ್ದು ಮತ್ತೆ ಈಜುವುದಿಲ್ಲ. ಅದನ್ನು ಅಲ್ಲೇ ನೀರಿಗೆ ಬಿಸಾಡುವವರೇ ಹೆಚ್ಚು. ಅದು ಕೊಳೆಯುವ ವಸ್ತುವಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಚಾರ್ಲ್‌ಸ್ಟನ್ ಸರೋವರದಲ್ಲಿ ಸಂಶೋಧಕರು ಇದನ್ನು ಅಧ್ಯಯನ ಮಾಡಿದಾಗ, ನೀರಿನಲ್ಲಿಟ್ಟ ಹುಳಗಳು ಊದಿಕೊಂಡಿದ್ದವು. ಅಲ್ಲಿನ ಕೆಲವು ಮೀನುಗಳ ಹೊಟ್ಟೆಯಲ್ಲೂ ಇಂಥ ತುಂಡು ಸಿಕ್ಕಿದ್ದವು. ಅಮೆರಿಕದ ಮೇನ್ ರಾಜ್ಯದಲ್ಲಿ ಟ್ರೌಟ್ ಮೀನುಗಳ ಮುಂದೆ ತುಂಡು ಹಾಕಿ ನೋಡಿದ ಪ್ರಯೋಗದಲ್ಲಿ ಅವು ತಾವಾಗಿ ನುಂಗಿದವು, ನುಂಗಿದವುಗಳ ಹೊಟ್ಟೆಯಲ್ಲಿ ಅದು ಉಳಿದುಕೊಂಡಿತು. ಅದೇ ರಾಜ್ಯದಲ್ಲಿ 2013ರಲ್ಲಿ ಇವುಗಳ ಬಳಕೆಯನ್ನೇ ನಿಷೇಧಿಸುವ ಮಸೂದೆ ಬಂತು. ಗಾಳದವರೂ ವ್ಯಾಪಾರಿಗಳೂ ಎದ್ದು ನಿಂತ ಮೇಲೆ ಅದು ಅಧ್ಯಯನಕ್ಕೆ ಇಳಿಯಿತು.

ನಮಗೆ ಈ ಮಾತು ಇನ್ನೂ ಹತ್ತಿರದ್ದು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಗೆ ಭದ್ರಾ ನಾಲೆಯ ನೀರು ತುಂಬಿಸಿಕೊಂಡು ಈ ಊರು ಕುಡಿಯುತ್ತದೆ. ಹರಿಹರದ ಹತ್ತಿರ ರಾಜನಹಳ್ಳಿಯಿಂದ ತುಂಗಭದ್ರೆಯ ನೀರೂ ಬರುತ್ತದೆ. ಕೊಡಕ್ಕೆ ಬರುವ ನೀರಿನಲ್ಲಿ ಪ್ಲಾಸ್ಟಿಕ್ ಚೂರು ಬಿಡುವ ಹವ್ಯಾಸ ಯಾರಿಗೂ ಬೇಡ. ಹರಿದ ಹುಳ ಜೇಬಿನಲ್ಲಿ ಮನೆಗೆ ಬರಲಿ. ಕುಡಿಯುವ ನೀರಿನ ಕೆರೆಯ ಹತ್ತಿರ ಗಾಳವೇ ಹೋಗದಿರಲಿ. ಬೇರೆ ಕೆರೆಗಳಲ್ಲೂ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ, ಹಿಡಿಯುವ ಮೊದಲು ಅವರನ್ನು ಕೇಳುವುದು ಮರ್ಯಾದೆ.

ಇನ್ನು ಈ ಸಾಮಾನು ಚೆನ್ನಾಗಿ ಕೆಲಸ ಮಾಡುವ ಜಾಗದಲ್ಲೇ ಕೈ ತಡೆಯಬೇಕಾದ ಸಂದರ್ಭವೂ ಇದೆ. ಕೊರವ ಮರಿ ಮಾಡಿದಾಗ ತಂದೆತಾಯಿ ಮರಿಗಳ ಗುಂಪಿನ ಕೆಳಗೇ ಕಾವಲು ಇರುತ್ತವೆ. ನೀರಿನ ಮೇಲೆ ಕೆಂಪಗೆ ಗುಜುಗುಜು ಎನ್ನುವ ಮರಿಗಳ ಗುಂಪು ಕಾಣುತ್ತದೆ. ಅದರ ನಡುವೆ ಕಪ್ಪೆ ಎಳೆದರೆ ಹಸಿವಿಲ್ಲದ ಮೀನೂ ಸಿಟ್ಟಿನಿಂದ ಹಾರಿ ಕಚ್ಚುತ್ತದೆ. ‘ಕಚ್ಚದೆ ಗತಿಯಿಲ್ಲ’ ಎಂಬ ಜಾಹೀರಾತಿನ ಮಾತು ಅಕ್ಷರಶಃ ನಿಜವಾಗುವ ಜಾಗ ಇದೊಂದೇ, ವಿಡಿಯೋದವರಿಗೆ ಪ್ರಿಯವಾದ ಜಾಗವೂ ಇದೇ. ಕಾವಲು ಹೋದ ಮರಿಗಳು ಬೇರೆ ಮೀನಿಗೆ ತುತ್ತು. ಬಾಳೆಮೀನಂತೂ ವಿಶ್ವ ಸಂರಕ್ಷಣಾ ಒಕ್ಕೂಟದ ಅಪಾಯಕ್ಕೀಡಾಗಬಲ್ಲ ಜೀವಿಗಳ ಪಟ್ಟಿಯಲ್ಲಿದೆ. ಸಿಕ್ಕರೆ ಬಿಡುವುದೇ ಲೇಸು.

ಇಷ್ಟೆಲ್ಲ ಹೇಳುವ ಹೊಣೆ ಮಾರುವವನದಲ್ಲವೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮುಖ್ಯವಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿ ತಪ್ಪಿಸುವ ಜಾಹೀರಾತೇ. ತಯಾರಕನಿಗೆ, ಪ್ರಚಾರ ಮಾಡಿದವನಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಹಣವನ್ನೋ ಮಾಲನ್ನೋ ಪಡೆದು ರೀಲು ಮಾಡುವವರು ಅದನ್ನು ಬಾಯಿಬಿಟ್ಟು ಹೇಳಬೇಕು ಎಂಬ ಮಾರ್ಗಸೂಚಿ 2023ರ ಜನವರಿಯಿಂದ ಇದೆ. ಹೊರದೇಶದಿಂದ ಬಂದ ಪೊಟ್ಟಣದ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ತಯಾರಾದ ದೇಶ, ಬೆಲೆ ಇರಲೇಬೇಕು ಎಂದು ತೂಕ-ಅಳತೆಯ ನಿಯಮವೂ ಹೇಳುತ್ತದೆ. ಹುಡುಗ ತಂದ ಪೊಟ್ಟಣದ ಬೆನ್ನಿಗೆ ಓದಲು ಬಾರದ ಅಕ್ಷರಗಳಿದ್ದವು; ಆಮದುದಾರನ ಹೆಸರು ಹುಡುಕಿದರೂ ಸಿಗಲಿಲ್ಲ. ಗ್ರಾಹಕ ಸಹಾಯವಾಣಿ 1915. ಮುನ್ನೂರು ರೂಪಾಯಿಗೆ ಯಾರು ಫೋನು ಮಾಡ್ತಾರೆ ಅಂತ ಎಲ್ಲರೂ ಸುಮ್ಮನಿರುವುದು ಗೊತ್ತಿದ್ದೇ ಮಾರುವವರು ಮಾರುತ್ತಾರೆ.

ದೊಡ್ಡ ಕಾನೂನು ನಡೆಯಲಿ ಬಿಡಲಿ, ನನಗೆ ಬೇಕಾದದ್ದು ಪೊಟ್ಟಣದ ಹಿಂದೆ ನಾಲ್ಕು ಸಾಲು, ಕನ್ನಡದಲ್ಲಿ. ಬೇಟೆಯಾಡುವ ಮೀನಿಗೆ ಮಾತ್ರ: ಕೊರವ, ಬಾಳೆ. ಕಾಟ್ಲಾ, ರೋಹು, ಮೃಗಾಲ್‌ಗೆ ಅಲ್ಲ. ಪಿವಿಸಿ ಪ್ಲಾಸ್ಟಿಕ್, ಇಂಥ ಪ್ಲಾಸ್ಟಿಸೈಸರ್ ಇದೆ. ಹರಿದರೆ ನೀರಿಗೆ ಹಾಕಬೇಡಿ. ಇಷ್ಟು ಅಚ್ಚು ಹಾಕಿಸಲು ಕಂಪನಿಗೆ ಪೈಸೆ ಹೆಚ್ಚು ಬೀಳುವುದಿಲ್ಲ. ಗಿರಾಕಿಗಳು ಒಂದಿಷ್ಟು ಕಡಿಮೆಯಾದಾರು, ಅಷ್ಟೆ. ಬರೆಯದೆ ಇರುವುದು ಆ ಭಯಕ್ಕೇ ಎಂದು ನನ್ನ ಅನುಮಾನ. ಅಲ್ಲಿಯವರೆಗೆ ಹುಡುಗರು ಅಂಗಡಿಯಲ್ಲಿ ರೇಟು ಕೇಳುವ ಮೊದಲು ‘ಇದು ಯಾವ ಮೀನಿಗೆ, ನಮ್ಮ ಯಾವ ಕೆರೆಗೆ?’ ಎಂದು ಕೇಳಲಿ. ‘ಎಲ್ಲದಕ್ಕೂ ಆಗ್ತತಿ’ ಎಂಬ ಉತ್ತರ ಬಂದರೆ ಆ ಮಾಲನ್ನು ರಿಜೆಕ್ಟ್ ಮಾಡಿ ಮುಂದಿನ ಅಂಗಡಿಗೆ ಹೋಗಲಿ. ‘ಕೊರವಂಗೆ, ಸೊಪ್ಪಿರೋ ಕಡೆ’ ಎಂದು ಹೇಳುವ ಅಂಗಡಿಯವನು ಸಿಕ್ಕರೆ ಅವನ ಹತ್ತಿರ ಒಂದು ಕಪ್ಪೆ ನಾನೂ ಕೊಳ್ಳುತ್ತೇನೆ, ಚೌಕಾಸಿ ಮಾಡುವುದಿಲ್ಲ.